ಕೊಲ್ಲಿಯೂ ಗಲ್ಫೂ

ಬದಿಯಡ್ಕದ ಹೋಟೆಲಲ್ಲಿ ಚಾ ಕುಡಿಯುತ್ತಾ ಪೇಪರ್ ಬಿಡಿಸಿದೆ. ಕೊಲ್ಲಿಯಲ್ಲಿ ಮತ್ತೆ ಉದ್ವಿಗ್ನ ಅಂತ ದಪ್ಪ ಅಕ್ಷರ.

ಪಕ್ಕದ ಹುಡುಗ ಇಣುಕಿದ. "ಕೊಲ್ಲಿ ಅಂದ್ರೆ ಎಲ್ಲಿ ಅಣ್ಣಾ?"
"ಗಲ್ಫ್ ಮಾರಾಯ."
"ಓ, ನಮ್ಮ ಗಲ್ಫಾ!"

ಅವನ ಅಪ್ಪ ಇರುವುದೇ ಶಾರ್ಜಾದಲ್ಲಿ. ಅವನಿಗೆ ಗಲ್ಫ್ ಅಂದ್ರೆ ಹಗ್ಗ ಬಿಗಿದ ಪೆಟ್ಟಿಗೆ, ಅತ್ತರಿನ ಪರಿಮಳ, ಖರ್ಜೂರ. ಪೇಪರಿನ ಕೊಲ್ಲಿ ಅಂದ್ರೆ ಬರೀ ಹೊಗೆ.

ಪದ ತಪ್ಪಲ್ಲ. ಬಂಗಾಳ ಕೊಲ್ಲಿಯೂ ಕೊಲ್ಲಿಯೇ ಅಲ್ವಾ? ಆದರೆ 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದ ಮೇಲೆ 'ಕೊಲ್ಲಿ ಯುದ್ಧ' ಅಂತ ಓದಿ ಓದಿ, ನನಗಂತೂ ಆ ಪದ ಒಂಟಿಯಾಗಿ ಕೇಳಿಸುವುದೇ ಇಲ್ಲ. (ಕಿವಿಗೆ 'ಕೊಲ್ಲು' ಅಂತಲೂ ಬೀಳುತ್ತದೆ, ಏನು ಮಾಡೋಣ.)

ಹುಡುಗ ಅಷ್ಟರಲ್ಲಿ ಅಪ್ಪನಿಗೆ ವಾಯ್ಸ್ ಕಳಿಸುತ್ತಿದ್ದ. ಯುದ್ಧದ ಬಗ್ಗೆ ಅಲ್ಲ, ಶೂ ಸೈಜಿನ ಬಗ್ಗೆ.