ಗಂಡು 58, ಹೆಣ್ಣು 59

2011ರ ಫೆಬ್ರವರಿ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಮ್ಮ ಊರಿನ ಜನಗಣತಿಗೆ, ಶಾಲೆಯ ಟೀಚರ್ ಆಗಿದ್ದ ನಾನೇ ಗಣತಿದಾರಳು. ಶಾಲೆ ಬಿಟ್ಟ ಮೇಲೆ ಹೆಗಲಿಗೆ ಚೀಲ ಹಾಕಿಕೊಂಡು, ಗದ್ದೆ ಅಂಚಿನ ಮೇಲೆ ನಡೆದು ಮನೆ ಮನೆಗೆ ಹೋಗುತ್ತಿದ್ದೆ. ಮಲೆನಾಡಿನ ಊರು ಹೇಗಿರುತ್ತೆ ಗೊತ್ತಲ್ವಾ, ಒಂದು ಮನೆ ಇಲ್ಲಿ, ಇನ್ನೊಂದು ಗುಡ್ಡದ ಆಚೆ. ಒಂದು ಸಂಜೆಗೆ ಮೂರು ಮನೆ ಆದರೆ ಅದೇ ಜಾಸ್ತಿ.

ಸಂಕ, ಅಂದರೆ ಹಳ್ಳದ ಮೇಲಿನ ಕಾಲುಸೇತುವೆ, ದಾಟಿ ಹೋಗುವ ಒಂದು ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. "ಮನೆಯಲ್ಲಿ ಯಾರ್ಯಾರು ಇದ್ದೀರಿ ಅಮ್ಮಾ?" ಎಂದೆ. "ನಾನು, ನನ್ನ ಮಗ" ಎಂದರು. ವಯಸ್ಸು ಕೇಳಿದರೆ, "ಲಿಂಗನಮಕ್ಕಿ ಡ್ಯಾಮು ಆದ ವರ್ಷ ನನ್ನ ಮದುವೆ. ಆಗ ಹದಿನೇಳೋ ಹದಿನೆಂಟೋ" ಎಂದರು. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಬೆರಳು ಮಡಚಿ ಲೆಕ್ಕ ಹಾಕಿ 64 ಎಂದು ಬರೆದೆ. ಹೀಗೆ ಕೂತು ಲೆಕ್ಕ ಹಾಕದಿದ್ದರೆ ಎಲ್ಲರ ವಯಸ್ಸೂ 60, 65, 70 ಆಗಿಬಿಡುತ್ತದೆ. ಜನ ವಯಸ್ಸು ಹೇಳುವಾಗ ಸೊನ್ನೆಗೋ ಐದಕ್ಕೋ ತಂದು ನಿಲ್ಲಿಸುತ್ತಾರೆ. ದೇಶದ ಗಣತಿ ಪಟ್ಟಿಯಲ್ಲೂ ಆ ವಯಸ್ಸುಗಳ ಹತ್ತಿರ ಜನರ ಸಂಖ್ಯೆ ದಿಢೀರ್ ಅಂತ ಏರಿರುವುದು ಇದೇ ಕಾರಣಕ್ಕೆ.

ಮಗನ ವಿಷಯ ಬಂದಾಗ ತೊಡಕಾಯಿತು. ಅವನು ಬೆಂಗಳೂರಿನಲ್ಲಿದ್ದ. ಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅಷ್ಟೂ ದಿನ ಮನೆಯಲ್ಲಿ ಇಲ್ಲದವರನ್ನು ಆ ಮನೆಯ ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಎಲ್ಲಿದ್ದಾರೋ ಅಲ್ಲೇ ಅವರ ಲೆಕ್ಕ. ಅದನ್ನು ಹೇಳಿದೆ. ಅವರು ಒಳಗೆ ಹೋಗಿ ರೇಷನ್ ಕಾರ್ಡ್ ತಂದು ತೋರಿಸಿದರು. "ಹೆಸರು ಇಲ್ಲೇ ಇದೆಯಲ್ಲ. ಅವನಿಗೆ ಅ ಆ ಇ ಈ ಕಲಿಸಿದ್ದೇ ನೀವು. ಈಗ ನೀವೇ ಇಲ್ಲ ಅಂತ ಬರೆದರೆ ಹೇಗೆ ಟೀಚರೇ?"

ಬರೆಯಲಿಲ್ಲ. ನಿಯಮ ಸರಿಯಾಗಿಯೇ ಇದೆ, ಇಲ್ಲದಿದ್ದರೆ ಒಬ್ಬನನ್ನೇ ಎರಡು ಕಡೆ ಎಣಿಸಿದ ಹಾಗಾಗುತ್ತದೆ. ಆದರೂ ವಾಪಸ್ ಸಂಕ ದಾಟುವಾಗ ಮನಸ್ಸು ಭಾರವಾಗಿತ್ತು.

ಆ ಗಣತಿಯ ಅಂಕಿಗಳು ಬಂದಾಗ ಆಸೆಯಿಂದ ನೋಡಿದೆ. ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753. ಸಾವಿರ ಗಂಡಸರಿಗೆ 998 ಹೆಂಗಸರು. ರಾಜ್ಯದಲ್ಲಿ ಅದು 973, ದೇಶದಲ್ಲಿ 943. ಪಕ್ಕದ ಚಿಕ್ಕಮಗಳೂರಿನಲ್ಲಿ 1008, ಕೊಡಗಿನಲ್ಲಿ 1019. ಪೇಪರಿನಲ್ಲಿ ಓದಿದವರೆಲ್ಲ "ನಮ್ಮ ಮಲೆನಾಡು ಎಷ್ಟು ಚೆನ್ನಾಗಿದೆ, ಹೆಣ್ಣು ಗಂಡು ಸಮ ಸಮ" ಎಂದರು. ನಾನೂ ತರಗತಿಯಲ್ಲಿ ಹಾಗೇ ಹೇಳಿದ್ದೆ. ಆ ಮಾತು ಅರ್ಧ ಮಾತ್ರ ನಿಜ ಅಂತ ನನಗೆ ತಿಳಿದದ್ದು ತೀರಾ ಈಚೆಗೆ.

ಈಗ ನಿವೃತ್ತಿಯಾಗಿದೆ. ಹೋದ ದೀಪಾವಳಿ ಮುಗಿದು, ಪೇಟೆಯಿಂದ ಬಂದ ಮಕ್ಕಳೆಲ್ಲ ವಾಪಸ್ ಹೊರಟ ಮೇಲೆ, ಒಂದು ನೋಟ್‌ಬುಕ್ ಹಿಡಿದು ಊರೆಲ್ಲ ಸುತ್ತಿದೆ. ಯಾರೂ ಹೇಳಿದ್ದಲ್ಲ, ನನಗೇ ತಿಳಿಯಬೇಕಿತ್ತು. ಗಣತಿ ಇಲಾಖೆ ಹಳ್ಳಿ ಮಟ್ಟದಲ್ಲಿ ಕೊಡುವ ಪಟ್ಟಿಯಲ್ಲಿ ವಯಸ್ಸಿನ ವಿವರ ಅಂತ ಇರುವುದು ಆರು ವರ್ಷದೊಳಗಿನ ಮಕ್ಕಳದ್ದು ಮಾತ್ರ. ಉಳಿದವರಲ್ಲಿ ಎಷ್ಟು ಜನ 30ರವರು, ಎಷ್ಟು ಜನ 80ರವರು ಅನ್ನುವುದನ್ನು ನೋಡಬೇಕಾದರೆ ಜಿಲ್ಲೆಯ ಪಟ್ಟಿಗೇ ಹೋಗಬೇಕು. ಜಿಲ್ಲೆಯಲ್ಲಿ ಶಿವಮೊಗ್ಗ, ಭದ್ರಾವತಿಯಂಥ ದೊಡ್ಡ ಪೇಟೆಗಳು ಸೇರಿಕೊಂಡಿರುತ್ತವೆ. ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 207 ಜನ ಅಂದಾಗಲೂ ಹಾಗೇ, ಆ ಪೇಟೆಗಳ ಜನವೂ ಅದರೊಳಗೆ ಬಂತು. ಕಾಡಿನ ಅಂಚಿನ ನಮ್ಮಂಥ ಊರಿನ ಆಕಾರ ಅದರಲ್ಲಿ ಕಾಣುವುದಿಲ್ಲ.

34 ಮನೆ, 117 ಜನ. ಗಂಡು 58, ಹೆಣ್ಣು 59. ಕೂಡಿಸಿದಾಗ ಒಂದು ಕ್ಷಣ ಖುಷಿಯಾಯಿತು. ಸಮ ಸಮ!

ಆಮೇಲೆ ಗ್ರಾಫ್ ಹಾಳೆ ತಗೊಂಡು ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು ಅಂತ ಒಬ್ಬೊಬ್ಬರಿಗೆ ಒಂದೊಂದು ಚೌಕ ಬಣ್ಣ ಹಚ್ಚಿದೆ. ಕೆಳಗೆ ಚಿಕ್ಕ ಮಕ್ಕಳು, ಮೇಲೆ ಹೋದ ಹಾಗೆ ವಯಸ್ಸಾದವರು. ಮಕ್ಕಳು ಜಾಸ್ತಿ ಇದ್ದ ಕಾಲದಲ್ಲಿ ಈ ಚಿತ್ರ ದೇವಸ್ಥಾನದ ಗೋಪುರದ ಹಾಗೆ ಕಾಣುತ್ತಿತ್ತು, ಬುಡ ಅಗಲ, ತುದಿ ಚೂಪು. ನನ್ನ ಹಾಳೆಯಲ್ಲಿ ಬಂದದ್ದು ಬುಗುರಿ. ಮೊಳೆಯ ಮೇಲೆ ನಿಂತ ಬುಗುರಿ. ಆರು ವರ್ಷದೊಳಗಿನ ಮಕ್ಕಳು ಊರಿಗೆಲ್ಲ ಸೇರಿ ಐದು. ಅರವತ್ತು ದಾಟಿದವರು 34. ಅಂದರೆ ಹತ್ತು ಜನರಲ್ಲಿ ಸುಮಾರು ಮೂವರು. 2011ರಲ್ಲಿ ಇಡೀ ದೇಶದಲ್ಲಿ ಅದು ನೂರಕ್ಕೆ ಒಂಬತ್ತರ ಒಳಗಿತ್ತು.

ಆ ಬುಗುರಿಯೂ ನೆಟ್ಟಗಿಲ್ಲ. 25ರಿಂದ 39ರ ಸಾಲಿನಲ್ಲಿ ಗಂಡಸರು 16, ಹೆಂಗಸರು 7. ಅಲ್ಲಿ ಎಡಗಡೆ ಉಬ್ಬಿದೆ. 75 ದಾಟಿದ ಸಾಲಿನಲ್ಲಿ ಗಂಡಸರು 2, ಹೆಂಗಸರು 10. ಅಲ್ಲಿ ಬಲಗಡೆ ಉಬ್ಬಿದೆ. ಎರಡು ಉಬ್ಬುಗಳೂ ಒಂದನ್ನೊಂದು ಹೊಡೆದು ಹಾಕಿ, ಕೊನೆಯಲ್ಲಿ 58, 59 ಅಂತ ಸಮ ಆಗಿಬಿಟ್ಟಿವೆ. ಇಲ್ಲಿ ಇಲ್ಲದ ಹುಡುಗಿಯರ ಜಾಗವನ್ನು ಲೆಕ್ಕದಲ್ಲಿ ಅಜ್ಜಿಯರು ತುಂಬಿದ್ದಾರೆ. ಪೆನ್ಸಿಲ್ ಕೆಳಗಿಟ್ಟು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಮೊದಲು ಆ 16 ಹುಡುಗರ ಮಾತು. ಅವರಲ್ಲಿ 11 ಜನಕ್ಕೆ ಮದುವೆಯಾಗಿಲ್ಲ. ಎಲ್ಲರೂ ನನ್ನ ಹತ್ತಿರ ಓದಿದವರೇ. ಎರಡೆಕರೆ, ಮೂರೆಕರೆ ಅಡಿಕೆ ತೋಟ, ಬೆಳಗಾದರೆ ದುಡಿಮೆ, ಯಾವ ಚಟವೂ ಇಲ್ಲ. ಎಷ್ಟೋ ಮನೆಗಳಲ್ಲಿ ಜಾತಕ ಹಿಡಿದು ಅಲೆದು ಸಾಕಾಗಿ ಹೋಗಿದೆ. ಮದುವೆ ಮನೆಗಳಲ್ಲಿ ಈ ಮಾತು ಬಂದಾಗ "ಹೆಣ್ಣು ಹುಟ್ಟುವುದೇ ಕಡಿಮೆಯಾಗಿದೆ, ಹೊಟ್ಟೆಯಲ್ಲೇ ತೆಗೆಸುತ್ತಾರೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಪಾಪ ಈ ದೇಶದಲ್ಲಿ ನಡೆದಿದೆ, ಅದನ್ನು ತಡೆಯಲೆಂದೇ 1994ರಲ್ಲಿ ಕಾನೂನು ಬಂತು. ಆದರೆ ನಮ್ಮ ಊರಿನ ಕೊರತೆ ಹುಟ್ಟಿನದ್ದಲ್ಲ. ಹಳೆಯ ಹಾಜರಿ ಪುಸ್ತಕ ನನಗೆ ಬಾಯಿಪಾಠ. ಆ ಹುಡುಗರ ಪಕ್ಕದ ಬೆಂಚಿನಲ್ಲಿ ಹೆಚ್ಚು ಕಡಿಮೆ ಅಷ್ಟೇ ಹುಡುಗಿಯರು ಕೂತಿದ್ದರು. ಅವರು ಓದಿದರು, ಹೊರಗೆ ಹೋದರು, ಅಲ್ಲೇ ಕೆಲಸ, ಅಲ್ಲೇ ಮದುವೆ. ಹುಡುಗರೂ ಹೋದರು, ಆದರೆ ತೋಟ ನೋಡಿಕೊಳ್ಳಲು ಮನೆಗೊಬ್ಬ ಉಳಿಯಬೇಕಾಯಿತು. ಉಳಿಯುವವರು ಗಂಡು ಮಕ್ಕಳೇ ಅನ್ನುವುದು ನಾವು ಮಾಡಿಟ್ಟ ರೂಢಿ. ಹೆಣ್ಣಿಗೆ ತೋಟ ಕೊಟ್ಟವರು ಎಷ್ಟು ಜನ ಇದ್ದಾರೆ?

ಆ ಹುಡುಗಿಯರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. "ಓದಿ, ನಿಮ್ಮ ಕಾಲ ಮೇಲೆ ನಿಲ್ಲಿ" ಎಂದು ಹೇಳಿ ಕಳಿಸಿದವಳೇ ನಾನು. ನನ್ನ ಮಗಳೂ ಊರಲ್ಲಿಲ್ಲ. ಅವರು ಹೋದದ್ದು ಸರಿ. ಈ ಹುಡುಗರ ದುಃಖವೂ ನಿಜ. ಎರಡನ್ನೂ ಒಟ್ಟಿಗೆ ಹೇಳಬೇಕು ಅನಿಸುತ್ತದೆ ನನಗೆ.

ಇನ್ನೊಂದು ಮಾತು. ಆ ಐದು ಚಿಕ್ಕ ಮಕ್ಕಳಲ್ಲಿ ಗಂಡು ಮೂರು, ಹೆಣ್ಣು ಎರಡು. ಇದನ್ನು ಕೇಳಿದ ಒಬ್ಬರು "ಸಾವಿರಕ್ಕೆ 667 ಅಂತಾಯ್ತಲ್ಲ, ಏನು ಗತಿ!" ಎಂದು ಗಾಬರಿಯಾದರು. ಹಾಗೆ ಲೆಕ್ಕ ಹಾಕಬಾರದು. ಇಷ್ಟು ಚಿಕ್ಕ ಊರಿನಲ್ಲಿ ನಾಳೆ ಒಂದು ಹೆಣ್ಣು ಮಗು ಹುಟ್ಟಿದರೆ ಅದೇ 667 ಸಾವಿರಕ್ಕೆ ಹಾರುತ್ತದೆ. ಹುಟ್ಟುವಾಗ ಎಲ್ಲಾ ಕಡೆ ಗಂಡು ಸ್ವಲ್ಪ ಜಾಸ್ತಿಯೇ, ನೂರು ಹೆಣ್ಣಿಗೆ ಸುಮಾರು 105 ಗಂಡು. ಐದು ಮಕ್ಕಳನ್ನು ನೋಡಿ ಯಾರ ಮೇಲೂ ಅನುಮಾನ ಪಡುವ ಹಾಗಿಲ್ಲ.

ಮಲೆನಾಡಿನ ಲೆಕ್ಕ ಮೊದಲಿನಿಂದಲೂ ಹೀಗೆ ಒಳಗೊಂದು ಹೊರಗೊಂದು. ನಮ್ಮ ಅಜ್ಜಿ ಮಲೇರಿಯಾ ಚಳಿಜ್ವರದ ಕಥೆ ಹೇಳುತ್ತಿದ್ದರು. ಮನೆ ಮನೆಯಲ್ಲೂ ಹಾಸಿಗೆ, ನೀರು ಕೊಡುವವರಿಲ್ಲ. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಡಿಡಿಟಿ ಹೊಡೆಯುವ ತನಕ ಎಷ್ಟೋ ಊರುಗಳು ಪಾಳು ಬಿದ್ದಿದ್ದವು. ಆ ಕಾಲದಲ್ಲಿ ತೋಟಗಳ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಗಂಡಾಳುಗಳು ಬರುತ್ತಿದ್ದರು. ಸುಗ್ಗಿಯ ಹೊತ್ತಿಗೆ ಎಣಿಸಿದರೆ ಇಲ್ಲಿ ಗಂಡಸರೇ ಜಾಸ್ತಿ ಕಾಣುತ್ತಿದ್ದರು. ಈಗ ಬರುವವರಿಗಿಂತ ಹೋಗುವವರು ಹೆಚ್ಚು. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11,40,905 ಇದ್ದದ್ದು 2011ಕ್ಕೆ 11,37,961ಕ್ಕೆ ಇಳಿಯಿತು. ಇಡೀ ರಾಜ್ಯ ಬೆಳೆಯುತ್ತಿರುವಾಗ ಒಂದು ಜಿಲ್ಲೆಯೇ ಕುಗ್ಗಿತು.

ನನ್ನ ನಿದ್ದೆ ಕೆಡಿಸಿದ್ದು ಮೇಲಿನ ಸಾಲು. 75 ದಾಟಿದ ಹತ್ತು ಹೆಂಗಸರು. ಎಲ್ಲರಿಗೂ ಹದಿನಾರು, ಹದಿನೆಂಟಕ್ಕೆ ಮದುವೆ, ಗಂಡನಿಗೆ ಆಗ ಇಪ್ಪತ್ತೆಂಟೋ ಮೂವತ್ತೋ. ಹೆಂಗಸರು ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ. ಅದರ ಮೇಲೆ ಹನ್ನೆರಡು ವರ್ಷದ ಅಂತರ. ಕೊನೆಯ ಹತ್ತು, ಹದಿನೈದು ವರ್ಷ ಒಂಟಿಯಾಗಿ ಕಳೆಯುವುದು ಮದುವೆಯ ದಿನವೇ ಬರೆದಿಟ್ಟ ಹಾಗಾಯಿತು. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಒಟ್ಟು ಜನಸಂಖ್ಯೆಯಲ್ಲಿ ಗಂಡಸರು ಜಾಸ್ತಿ, ಆದರೆ 2011ರಲ್ಲಿ ಅರವತ್ತು ದಾಟಿದವರಲ್ಲಿ ಹೆಂಗಸರು ಸುಮಾರು 5.3 ಕೋಟಿ, ಗಂಡಸರು 5.1 ಕೋಟಿ.

ಈ ಹತ್ತರಲ್ಲಿ ನಾಲ್ವರು ಮನೆಯಲ್ಲಿ ಒಬ್ಬರೇ. ಒಬ್ಬರಿಗೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಅರವತ್ತು ವರ್ಷ ಅಡಿಕೆ ಸುಲಿದ ಬೆರಳು, ಗೆರೆಗಳೇ ಸವೆದುಹೋಗಿವೆ. ಇನ್ನೊಬ್ಬರು ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ. ಯಾಕೆ ಅಂದರೆ ಮುಗಿದರೆ ತಂದುಕೊಡುವವರಿಲ್ಲ. ಅವರ ಮನೆಯ ಅಂಗಳದಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಬ್ಯಾಣದ (ಹುಲ್ಲುಗಾವಲಿನ) ದಿಬ್ಬ ಹತ್ತಬೇಕು. ರಾತ್ರಿ ಎದೆ ನೋವು ಬಂದರೆ ಯಾರು ಹತ್ತುತ್ತಾರೆ?

ನಾಲ್ವರಲ್ಲಿ ಒಬ್ಬರು ಅದೇ ಸಂಕದ ಆಚೆಯ ಅಮ್ಮ. ಈಗ ಎಪ್ಪತ್ತೊಂಬತ್ತು. ಈ ಸಲವೂ ಬೆಲ್ಲ, ನೀರು ಕೊಟ್ಟರು. ಗ್ರಾಫ್ ಹಾಳೆ ನೋಡಿ, "ಇದರಲ್ಲಿ ನಾನು ಯಾವುದು?" ಎಂದರು. ಮೇಲಿನ ಸಾಲಿನ ಬಲಗಡೆಯ ಒಂದು ಚೌಕ ತೋರಿಸಿದೆ. ಹೆಬ್ಬೆರಳಿಂದ ಅದನ್ನು ಸವರಿದರು. ಈ ಸಲ ಮಗನ ಹೆಸರು ಬರೆಯಿರಿ ಅಂತ ಕೇಳಲಿಲ್ಲ. "ಆ ಸಂಕಕ್ಕೆ ಒಂದು ಕಡೆಯಾದರೂ ಹಿಡಿ ಹಾಕಿಸಿ ಟೀಚರೇ, ಹೋದ ಮಳೆಗಾಲದಲ್ಲಿ ಕೂತು ಜರುಗುತ್ತಾ ದಾಟಿದೆ" ಎಂದರು.

ಮುಂದಿನ ಗಣತಿಗೆ ನಿಗದಿಯಾದ ದಿನ 2027ರ ಮಾರ್ಚ್ 1. ಈ ಸಲ ಮೊಬೈಲಿನಲ್ಲೇ ಎಲ್ಲಾ ತುಂಬುತ್ತಾರೆ. ಹಳ್ಳಿ ಮಟ್ಟದಲ್ಲೂ ವಯಸ್ಸಿನ ಪಟ್ಟಿ ಕೊಡಲಿ ಎಂಬುದು ನನ್ನ ಬೇಡಿಕೆ. ಅಲ್ಲಿಯವರೆಗೆ ನನ್ನ ಗ್ರಾಫ್ ಹಾಳೆಯ ಜೆರಾಕ್ಸ್ ಮಾಡಿಸಿ ಪಂಚಾಯ್ತಿಗೆ ಕೊಟ್ಟಿದ್ದೇನೆ. ಜೊತೆಗೆ ಮೂರು ಸಾಲಿನ ಅರ್ಜಿ: ಸಂಕಕ್ಕೆ ಎರಡೂ ಕಡೆ ಹಿಡಿ ಬೇಕು, ಆ ನಾಲ್ಕು ಮನೆಗಳಿಗೆ ಮಾತ್ರೆ ತಲುಪಿಸಲು ಒಂದು ವ್ಯವಸ್ಥೆ ಬೇಕು, ಬೆರಳು ಸವೆದವರಿಗೆ ರೇಷನ್ ತಪ್ಪಬಾರದು. ಹಿಡಿಯ ಅಳತೆ ತೆಗೆದುಕೊಳ್ಳಲು ಮುಂದಿನ ವಾರ ಬರುತ್ತೇವೆ ಎಂದಿದ್ದಾರೆ. ಮಳೆ ಹಿಡಿಯುವ ಮೊದಲೇ ಆಗಬೇಕು. ಅಳತೆಗೆ ಬಂದ ದಿನ ನಾನೂ ಸಂಕದ ಹತ್ತಿರ ಇರುತ್ತೇನೆ.