ಹಾಸ್ಟೆಲ್ ರೂಮಿನ ಕೇಸ್ ಓದು

ಬನ್ನೇರುಘಟ್ಟ ರಸ್ತೆಯ ಐಐಎಂ ಅಂದ್ರೆ ಎಲ್ಲರೂ ಬಿ.ವಿ. ದೋಶಿ ವಿನ್ಯಾಸದ ಆ ಕಲ್ಲಿನ ಕಾರಿಡಾರುಗಳ ಫೋಟೊ ಹಾಕ್ತಾರೆ. ಓದು ನಿಜವಾಗಿ ನಡೆಯೋದು ರಾತ್ರಿ ಊಟ ಆದ್ಮೇಲೆ, ಹಾಸ್ಟೆಲ್ ರೂಮಲ್ಲಿ.

ಹೊಸದಾಗಿ ಎಂಬಿಎ ಸೇರಿದವರಿಗೆ ಒಂದು ಮಾತು. ಕೇಸನ್ನ, ಅಂದ್ರೆ ತರಗತಿ ಚರ್ಚೆಗೆ ಕೊಡೋ ಕಂಪನಿಯೊಂದರ ಕತೆಯನ್ನ, ಗುಂಪಿನ ಐದು ಜನ ಪುಟದ ಲೆಕ್ಕದಲ್ಲಿ ಹಂಚಿಕೊಳ್ಳಬೇಡಿ. ಎಲ್ಲರೂ ಪೂರ್ತಿ ಓದಿ, ಕೊನೇ ಪುಟಗಳ ಕೋಷ್ಟಕ ನೋಡಿ, ಆಮೇಲೆ ಕೂತು ಮಾತಾಡಿ. ಹಂಚಿಕೊಂಡ್ರೆ ಒಬ್ಬರ ಸ್ಲೈಡಲ್ಲಿ ಮಾರಾಟ ಶೇ 10 ಏರುತ್ತೆ, ಇನ್ನೊಬ್ಬರ ಎಕ್ಸೆಲ್‌ನಲ್ಲಿ ಶೇ 6. ಪ್ರೊಫೆಸರ್ ಹಿಡಿಯೋದೇ ಅಲ್ಲಿ. ಊಹೆಗಳೆಲ್ಲ ಒಂದೇ ಶೀಟಲ್ಲಿರಲಿ, ಕೊನೇ ಫೈಲು ಒಬ್ಬರ ಕೈಲಿರಲಿ.

ಗುಂಪಲ್ಲಿ ಸಿಎ ಮಾಡಿದವರಿದ್ರೆ ಅಕೌಂಟ್ಸ್ ಪೂರ್ತಿ ಅವರಿಗೇ ಬಿಡಬೇಡಿ. ಪರೀಕ್ಷೆ ಒಬ್ಬೊಬ್ಬರೇ ಬರೀಬೇಕು. ಅವರನ್ನ ಪಕ್ಕ ಕೂರಿಸಿಕೊಂಡು ಒಂದು ಕ್ಯಾಶ್ ಫ್ಲೋ, ಅಂದ್ರೆ ಕಾಸು ಬಂದು ಹೋದ ಲೆಕ್ಕ, ಹೇಳಿಸಿಕೊಳ್ಳಿ: ನಿವ್ವಳ ಲಾಭದಿಂದ ಶುರು, ಸವಕಳಿ (ಯಂತ್ರ ಸವೆದಿದ್ದಕ್ಕೆ ಬರೆಯೋ ಖರ್ಚು, ಕೈಯಿಂದ ಕಾಸು ಹೋಗಿರಲ್ಲ) ಕೂಡಿಸಿ, ಗಿರಾಕಿಗಳ ಬಾಕಿ ಹೆಚ್ಚಿದ್ರೆ ಅಷ್ಟು ಕಳೀರಿ. ಲಾಭ ಇದ್ದೂ ಕೈಲಿ ಕಾಸಿಲ್ಲ ಅನ್ನೋ ಕಂಪನಿ ಆಗ ಅರ್ಥವಾಗುತ್ತೆ.

ಒಬ್ಬರಿಗೊಬ್ಬರನ್ನ ಹೋಲಿಸಿ ಗ್ರೇಡ್ ಕೊಡೋ ಕಡೆ ಹೀಗೆ ಹೇಳಿಕೊಡೋದು ಅಂದ್ರೆ ತನ್ನ ಗ್ರೇಡನ್ನೇ ಪಣಕ್ಕಿಟ್ಟ ಹಾಗೆ. ಆದ್ರೂ ಪರೀಕ್ಷೆ ಹಿಂದಿನ ರಾತ್ರಿ ಬಾಗಿಲು ತಟ್ಟಿದ್ರೆ ಈ ಗೆಳೆಯರು ತೆಗೀತಾರೆ. ದೊಡ್ಡ ಮನಸ್ಸು ಬೇಕು ಇದಕ್ಕೆ. ಸಮ್ಮರ್ ಪ್ಲೇಸ್‌ಮೆಂಟ್ (ಬೇಸಿಗೆ ಇಂಟರ್ನ್‌ಶಿಪ್ ಆಯ್ಕೆ) ಸಿವಿಯನ್ನೂ ಮೊದಲು ಅವರಿಗೇ ತೋರಿಸಿ.