ಕೆಸರಿನಲ್ಲಿ ಹಾರ್ಟಿ ಕಪ್

ಜನವರಿ 14

ಕೋಲು-ಚೆಂಡಿನ ಐರಿಶ್ ಆಟ ಹರ್ಲಿಂಗ್‌ನಲ್ಲಿ ಐರ್ಲೆಂಡಿನ ಮನ್‌ಸ್ಟರ್ ಪ್ರಾಂತ್ಯದ ಶಾಲೆಗಳು ಹಾರ್ಟಿ ಕಪ್‌ಗೆ ಸೆಣಸುವುದು 1918ರಿಂದ. ಶರತ್ಕಾಲದಲ್ಲಿ ಗುಂಪಿನ ಪಂದ್ಯಗಳು, ಹೊಸ ವರ್ಷದಲ್ಲಿ ನಾಕೌಟ್, ಫೆಬ್ರವರಿ ಹೊತ್ತಿಗೆ ಫೈನಲ್. ಮುಂದೆ ಅಖಿಲ ಐರ್ಲೆಂಡ್ ಮಟ್ಟದ ಕ್ರೋಕ್ ಕಪ್; ಅದರ ಫೈನಲ್ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದ ಆಸುಪಾಸಿಗೆ. ಅದನ್ನು ಅತಿ ಹೆಚ್ಚು ಸಲ ಗೆದ್ದಿರುವುದು ಕಿಲ್ಕೆನಿಯ ಸೇಂಟ್ ಕೀರನ್ಸ್ ಕಾಲೇಜು. ಕೌಂಟಿ ತಂಡಗಳ ದೊಡ್ಡ ಪಂದ್ಯಗಳು ಬೇಸಿಗೆಯ ಗಟ್ಟಿ ನೆಲದಲ್ಲಿ ನಡೆದರೆ, ಈ ಹುಡುಗರ ಪಾಲಿಗೆ ಬರುವುದು ಚಳಿ, ಮಳೆ, ಕೆಸರು. ಹಾಗಾಗಿ ಇಲ್ಲಿ ಹೊಡೆತದ ಬಲಕ್ಕಿಂತ ಚೆಂಡು ಎತ್ತುವ ಕೈಚಳಕವೇ ದೊಡ್ಡದು.

ಸ್ಲಿಟರ್ ಎನ್ನುವ ಚೆಂಡಿನ ತೂಕ 110ರಿಂದ 120 ಗ್ರಾಂ. ಮೇಲಿನ ಚರ್ಮ ನೀರು ಕುಡಿದರೆ ಭಾರವಾಗುತ್ತದೆ, ಜಾರುತ್ತದೆ, ಪುಟಿಯುವುದೂ ಕಡಿಮೆ. ನೆಲದ ಚೆಂಡನ್ನು ನೇರ ಕೈಯಿಂದ ಎತ್ತುವಂತಿಲ್ಲ. ಹರ್ಲಿ ಎನ್ನುವ ಆಟದ ಕೋಲಿನಿಂದಲೋ ಕಾಲಿನಿಂದಲೋ ಎಬ್ಬಿಸಬೇಕು. ಒಣ ನೆಲದಲ್ಲಾದರೆ ಹರ್ಲಿಯ ತುದಿಯನ್ನು ಚೆಂಡಿನ ಮೇಲಿಟ್ಟು ತಮ್ಮತ್ತ ಉರುಳಿಸಿ, ತಕ್ಷಣ ಅಡಿಗೆ ತೂರಿಸಿ ಎತ್ತಬಹುದು. ಕೆಸರಿನಲ್ಲಿ ಚೆಂಡು ಉರುಳುವುದೇ ಇಲ್ಲ. ಅಲ್ಲಿ ಬೇಕಾದ್ದು ಜ್ಯಾಬ್ ಲಿಫ್ಟ್: ಮಂಡಿ ಚೆನ್ನಾಗಿ ಬಗ್ಗಿಸಿ, ಹರ್ಲಿಯನ್ನು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರ ಹಿಡಿದು, ಚೆಂಡಿನ ಅಡಿಗೆ ಚುಚ್ಚಬೇಕು. ಸೊಂಟ ಮಾತ್ರ ಬಗ್ಗಿಸಿದವನ ಕೋಲು ನೆಟ್ಟಗಾಗಿ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಎದುರಾಳಿ ಭುಜದಿಂದ ತಳ್ಳಿರುತ್ತಾನೆ. ವಾರ್ಮಪ್‌ನಲ್ಲಿ ಒಣ ಚೆಂಡು ಬಿಟ್ಟು, ಬಕೆಟ್ ನೀರಿನಲ್ಲಿ ನೆನೆಸಿದ ಚೆಂಡನ್ನೇ ಬಳಸುವುದು ಒಳ್ಳೆಯದು.

ಇನ್ನು ಕೋಲಿನ ಮಾತು. ಹರ್ಲಿ ಕೊಯ್ಯುವುದು ಆ್ಯಶ್ ಮರದ ಬುಡದಿಂದ. ಕಾಂಡ ಬೇರಿಗೆ ತಿರುಗುವಲ್ಲಿ ಎಳೆಗಳೂ ಬಾಗಿರುತ್ತವೆ; ಕೋಲಿನ ಬಾಸ್, ಅಂದರೆ ಹೊಡೆಯುವ ಅಗಲ ಭಾಗ, ಆ ಬಾಗನ್ನೇ ಅನುಸರಿಸಬೇಕು. ಎಳೆ ಅಡ್ಡ ಹಾದು ಅಂಚಿಗೆ ಬಂದಿದ್ದರೆ ಮೊದಲ ಗಟ್ಟಿ ತಾಕಿಗೇ ಅಲ್ಲಿ ಸೀಳುತ್ತದೆ. ಪಂದ್ಯದ ಮುನ್ನ ಬಾಸ್‌ಗೆ ಸುತ್ತಿದ ತಗಡಿನ ಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿ: ಮೊಳೆ ಸಡಿಲಾಗಿದ್ದರೆ ಆ ಕೋಲು ಬದಿಗಿರಲಿ, ಎದ್ದ ತಗಡು ಕೈ ಕೊಯ್ಯುತ್ತದೆ. ಅದೇ ಉದ್ದ, ಅದೇ ತೂಕದ ಬದಲಿ ಕೋಲು ಬದಿಗೆರೆಯ ಹತ್ತಿರವೇ ಇರಬೇಕು. ಆ್ಯಶ್ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗ 2012ರಲ್ಲಿ ಐರ್ಲೆಂಡಿನಲ್ಲಿ ಪತ್ತೆಯಾದ ಮೇಲೆ ಒಳ್ಳೆಯ ಕೋಲಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗಿದೆ.

ಎದುರುಗಾಳಿಯಿದ್ದಾಗ ಗೋಲ್‌ಕೀಪರ್‌ನ ಉದ್ದ ಪಕ್‌ಔಟ್, ಅಂದರೆ ಗೋಲಿನ ಬಳಿಯಿಂದ ಚೆಂಡನ್ನು ಮತ್ತೆ ಆಟಕ್ಕೆ ತರುವ ಹೊಡೆತ, ನಡುಮೈದಾನದಲ್ಲೇ ಸತ್ತು ಎದುರಾಳಿಯ ಕೈ ಸೇರುತ್ತದೆ. ಆಗ ಮೂಲೆಯ ಬ್ಯಾಕ್‌ಗೆ, ಅಂದರೆ ಗೋಲಿನ ಪಕ್ಕದ ರಕ್ಷಣಾ ಆಟಗಾರನಿಗೆ, ಗಿಡ್ಡ ಚೆಂಡು ಕೊಡುವುದೇ ಸರಿ, ಆದರೆ ಅವನು ಬದಿಗೆರೆಯತ್ತ ತಿರುಗಿ ನಿಂತಿರಬೇಕು. ಗೋಲಿನತ್ತ ಮುಖ ಮಾಡಿ ಹಿಡಿದರೆ, ತಿರುಗುವಷ್ಟರಲ್ಲಿ ಫಾರ್ವರ್ಡ್ ಮೈಮೇಲೆ ಬಂದಿರುತ್ತಾನೆ. ಅಲ್ಲಿ ಜಾರಿದ ಒಂದು ಚೆಂಡು ಮೂರು ಪಾಯಿಂಟಿನ ಗೋಲು.